ಬೇಸ್‌ಬಾಲ್ ಆಟವೂ ಅದರ ಲೆಕ್ಕದ ಪುಸ್ತಕವೂ

2024ನೆಯ ಇಸವಿಯ ಮೇ ತಿಂಗಳ ಕೊನೆಯ ವಾರದಲ್ಲಿ ಅಮೆರಿಕದ ಬೇಸ್‌ಬಾಲ್ ಪ್ರಪಂಚದಲ್ಲಿ ಒಂದು ಸೋಜಿಗ ನಡೆಯಿತು. ಹತ್ತಿರಹತ್ತಿರ ನೂರು ವರ್ಷಗಳಿಂದ ಯಾರಿಂದಲೂ ಅಲುಗದೆ ನಿಂತಿದ್ದ ದಾಖಲೆಯೊಂದು ಮುರಿಯಿತು. ಮುರಿದವನು ಅಂದು ಮೈದಾನಕ್ಕೆ ಇಳಿಯಲಿಲ್ಲ. ಕೈಯಲ್ಲಿ ದಾಂಡು ಹಿಡಿಯಲಿಲ್ಲ. ಜನರ ಜಯಘೋಷವನ್ನು ಕೇಳಲಿಲ್ಲ. ಅವನು ತೀರಿಕೊಂಡು ಆಗಲೇ 77 ವರ್ಷಗಳಾಗಿದ್ದುವು.

ಅವನ ಹೆಸರು ಜಾಶ್ ಗಿಬ್ಸನ್. 1928ರಲ್ಲಿ ನಿವೃತ್ತನಾದ ಟೈ ಕಾಬ್ ಎಂಬ ಆಟಗಾರನ ಜೀವಮಾನದ ಸರಾಸರಿ 0.367 ಎಂದು ಅಲ್ಲಿಯ ಶಾಲಾಬಾಲಕರೂ ಬಾಯಿಪಾಠವಾಗಿ ಹೇಳುತ್ತಿದ್ದರು. ಆ ಸ್ಥಾನದಲ್ಲಿ ಈಗ ಗಿಬ್ಸನ್ನನ 0.372 ಬಂದು ಕುಳಿತಿತು. ಸತ್ತವನೊಬ್ಬನು ಹೀಗೆ ಗೆಲ್ಲುವುದು ಹೇಗೆ ಸಾಧ್ಯವಾಯಿತು, ಬದುಕಿದ್ದಾಗ ಅವನಿಗೆ ಆ ಗೆಲುವು ಏಕೆ ಸಲ್ಲಲಿಲ್ಲ ಎಂಬುದನ್ನು ಅರಿಯಬೇಕಾದರೆ, ಆ ಆಟವನ್ನೂ ಆಟಕ್ಕಿಂತ ಹೆಚ್ಚಾಗಿ ಅದರ ಲೆಕ್ಕದ ಪುಸ್ತಕವನ್ನೂ ಸ್ವಲ್ಪ ತಿರುವಿ ನೋಡಬೇಕಾಗುತ್ತದೆ.

ಕ್ರಿಕೆಟ್ಟನ್ನು ಬಲ್ಲ ನಮ್ಮ ಓದುಗರಿಗೆ ಬೇಸ್‌ಬಾಲ್ ಒಂದು ದೂರದ ಬಂಧುವಿನಂತೆ ತೋರಬಹುದು. ಇಲ್ಲಿಯೂ ಚೆಂಡೆಸೆಯುವವನಿದ್ದಾನೆ, ಅವನನ್ನು ಪಿಚರ್ ಎನ್ನುತ್ತಾರೆ. ದಾಂಡಿಗನಿದ್ದಾನೆ, ಅವನ ಬೆನ್ನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಇದ್ದಾನೆ. ಆದರೆ ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಗಾಳಿಯಲ್ಲೇ ಬರುತ್ತದೆ. ದಾಂಡು ಚಪ್ಪಟೆಯಲ್ಲ, ಒನಕೆಯಂತೆ ದುಂಡು. ಹೊಡೆದವನು ಚೌಕಾಕಾರದ ಅಂಗಳದ ಮೂಲೆಮೂಲೆಯಲ್ಲಿರುವ ನೆಲೆಗಳನ್ನು ಒಂದೊಂದಾಗಿ ಮುಟ್ಟಿ, ಹೊರಟ ಸ್ಥಳಕ್ಕೇ ಮರಳಿದರೆ ಒಂದು ರನ್. ಚೆಂಡನ್ನು ಮೈದಾನದ ಬೇಲಿಯಾಚೆಗೇ ಅಟ್ಟಿದರೆ ಅದು ಹೋಮ್ ರನ್. ಒಂದೊಂದು ತಂಡಕ್ಕೆ ಒಂಬತ್ತು ಸರದಿ; ಸರದಿಗೆ ಮೂವರು ಔಟಾದರೆ ಮುಗಿಯಿತು. ದುಂಡು ಕೋಲಿನಿಂದ ದುಂಡು ಚೆಂಡನ್ನು ಹೊಡೆಯುವುದು ಎಷ್ಟು ಕಷ್ಟವೆಂದರೆ, ಸಾವಿರ ಸಲ ದಾಂಡು ಹಿಡಿದು ಮುನ್ನೂರು ಸಲ ಸಫಲನಾದವನನ್ನು ಅಲ್ಲಿ ಉತ್ತಮನೆನ್ನುತ್ತಾರೆ. ಗಿಬ್ಸನ್ನನ 0.372 ಎಂದರೆ ಸ್ಥೂಲವಾಗಿ ಸಾವಿರಕ್ಕೆ 372 ಸಲ. ಏಳು ಸಲ ಸೋತು ಮೂರು ಸಲ ಗೆದ್ದವನನ್ನು ಹೊಗಳುವ ಈ ಧೋರಣೆ ಅಧ್ಯಾಪಕನಾದ ನನಗೆ ಬಹಳ ಹಿಡಿಸಿದೆ. ನಮ್ಮ ಪರೀಕ್ಷಾ ಮಂಡಲಿಗಳು ಇದನ್ನು ಒಪ್ಪಲಾರವು.

ಈ ಎರಡು ಆಟಗಳ ನಂಟು ಕೇವಲ ಹೋಲಿಕೆಯದಲ್ಲ. ಬೇಸ್‌ಬಾಲಿನ ಲೆಕ್ಕದ ಪುಸ್ತಕವನ್ನು ಆರಂಭಿಸಿದವನೇ ಒಬ್ಬ ಕ್ರಿಕೆಟ್ ವರದಿಗಾರ. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದ ಹೆನ್ರಿ ಚಾಡ್ವಿಕ್, ಪತ್ರಿಕೆಗಳಿಗೆ ಕ್ರಿಕೆಟ್ ಪಂದ್ಯಗಳ ವರದಿ ಬರೆಯುತ್ತಿದ್ದನು. ಬೇಸ್‌ಬಾಲಿಗೆ ಮನಸೋತ ಮೇಲೆ ಆ ಅಭ್ಯಾಸವನ್ನು ಇಲ್ಲಿಗೆ ತಂದು, ಒಂದು ಇಡೀ ಪಂದ್ಯವನ್ನು ಪತ್ರಿಕೆಯ ಮೂಲೆಯೊಂದರಲ್ಲಿ ಅಂಗೈಯಗಲದ ಕೋಷ್ಟಕವಾಗಿ ಅಡಕಿಸುವ ಕ್ರಮವನ್ನು ರೂಢಿಗೆ ತಂದನು. ಯಾರು ಎಷ್ಟು ಸಲ ಹೊಡೆದರು, ಎಷ್ಟು ಸಲ ತಪ್ಪಿದರು, ಯಾರ ಕೈಯಿಂದ ಚೆಂಡು ಜಾರಿತು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆ ಕೋಷ್ಟಕವನ್ನು ಓದಬಲ್ಲವನು ನೂರು ವರ್ಷಗಳ ಅನಂತರವೂ ಪಂದ್ಯವನ್ನು ಮನಸ್ಸಿನಲ್ಲಿ ಮತ್ತೆ ಆಡಿಸಿಕೊಳ್ಳಬಹುದು.

1869ರಲ್ಲಿ ಸಿನ್ಸಿನಾಟಿ ನಗರದ ರೆಡ್ ಸ್ಟಾಕಿಂಗ್ಸ್ ತಂಡ ತನ್ನ ಆಟಗಾರರಿಗೆಲ್ಲ ಬಹಿರಂಗವಾಗಿ ಸಂಬಳ ಕೊಟ್ಟು ವೃತ್ತಿಯ ಆಟಕ್ಕೆ ನಾಂದಿ ಹಾಡಿತು. 1876ರಲ್ಲಿ ನ್ಯಾಷನಲ್ ಲೀಗ್, 1901ರಲ್ಲಿ ಅದಕ್ಕೆ ಎದುರಾಳಿಯಾಗಿ ಅಮೆರಿಕನ್ ಲೀಗ್, 1903ರಲ್ಲಿ ಎರಡರ ವಿಜೇತರ ನಡುವೆ ಮೊದಲ ವರ್ಲ್ಡ್ ಸೀರೀಸ್. ಇವು ಹೊರಗಿನ ಮೈಲಿಗಲ್ಲುಗಳು. ಒಳಗೆ, ಜನರ ಮನಸ್ಸಿನಲ್ಲಿ, ಬೆಳೆದುದು ಸಂಖ್ಯೆಗಳ ಮೋಹ. ನಮ್ಮ ಶಾಸನಗಳಲ್ಲಿ ಅರಸರಿಗೆ ಬಿರುದುಗಳಿದ್ದಂತೆ ಈ ಆಟಗಾರರಿಗೆ ಅಂಕಿಗಳು. 714 ಎಂದರೆ ಸಾಕು, ಬೇಬ್ ರೂತ್. ಅದು ಅವನ ಹೋಮ್ ರನ್ನುಗಳ ಮೊತ್ತ. 56 ಎಂದರೆ ಜೋ ಡಿಮ್ಯಾಜಿಯೋ. 1941ರಲ್ಲಿ ಅವನು ಎಡೆಬಿಡದೆ ಅಷ್ಟು ಪಂದ್ಯಗಳಲ್ಲಿ ಹಿಟ್ ಗಳಿಸಿದನು. ಡಾನ್ ಬ್ರಾಡ್ಮನ್ 1932ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ ರೂತನ ಪಕ್ಕದಲ್ಲಿ ಕುಳಿತು ಬೇಸ್‌ಬಾಲ್ ನೋಡಿದನು. 99.94 ಎಂಬ ಬಿರುದನ್ನು ಮುಂದೆ ಹೊರಬೇಕಾಗಿದ್ದವನು, 714 ಎಂಬ ಬಿರುದಿನ ಕಡೆಗೆ ನಡೆಯುತ್ತಿದ್ದವನ ಜೊತೆಯಲ್ಲಿ ಕುಳಿತ ಆ ಗಳಿಗೆಯನ್ನು ನೆನೆದರೆ ಸಂತೋಷವಾಗುತ್ತದೆ.

ಅಂಕಿಗಳು ಬಿರುದಾದರೂ ಮನುಷ್ಯನ ಅಳಲನ್ನು ಅವು ಹೇಳಲಾರವು. ಲೂ ಗೆರಿಗ್‌ನ ವಿಷಯವನ್ನೇ ನೋಡೋಣ. ನ್ಯೂಯಾರ್ಕ್ ಯಾಂಕೀಸ್ ತಂಡದ ಈ ಆಟಗಾರನು 1925ರ ಜೂನ್ 2ರಂದು ವಾಲಿ ಪಿಪ್ ಎಂಬವನ ಜಾಗದಲ್ಲಿ ಮೊದಲ ನೆಲೆಯ ಕಾವಲಿಗೆ ನಿಂತನು. ಮುಂದೆ ಹದಿನಾಲ್ಕು ವರ್ಷ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಕೈಬೆರಳು ಮುರಿದರೂ, ಜ್ವರ ಬಂದರೂ, ಸೊಂಟ ನೊಂದರೂ ಆಡಿದನು. ಒಟ್ಟು 2,130 ಪಂದ್ಯಗಳು. 1939ರ ವಸಂತದಲ್ಲಿ ಆ ದೇಹ ಕಾರಣವಿಲ್ಲದೆ ಕುಸಿಯತೊಡಗಿತು. ಎಂದಿನ ಹೊಡೆತಗಳು ಬೀಳಲಿಲ್ಲ. ಸುಲಭದ ಚೆಂಡುಗಳು ಕೈಗೆ ಸಿಕ್ಕಲಿಲ್ಲ. ಮೇ 2ರಂದು ಡೆಟ್ರಾಯಿಟ್ ನಗರದಲ್ಲಿ ಅವನೇ ವ್ಯವಸ್ಥಾಪಕನ ಬಳಿಗೆ ಹೋಗಿ, ಇಂದು ನನ್ನನ್ನು ಕೈಬಿಡಿ ಎಂದು ಕೇಳಿಕೊಂಡನು. ತಂಡದ ನಾಯಕನಾಗಿದ್ದುದರಿಂದ ಅಂದಿನ ಆಟಗಾರರ ಪಟ್ಟಿಯನ್ನು ಅಂಪೈರನಿಗೆ ಒಪ್ಪಿಸುವ ಕೆಲಸವೂ ಅವನದೇ. ತನ್ನ ಹೆಸರಿಲ್ಲದ ಪಟ್ಟಿಯನ್ನು ತಾನೇ ಒಯ್ದು ಕೊಟ್ಟು ಹಿಂದಿರುಗಿದನು. ಧ್ವನಿವರ್ಧಕದಲ್ಲಿ ಸುದ್ದಿ ಕೇಳಿದ ಎದುರಾಳಿ ಊರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಜನರ ನಡುವೆ ಅಂದು ವಾಲಿ ಪಿಪ್ ಕೂಡ ಇದ್ದನೆಂಬುದು, ಕಾದಂಬರಿಕಾರನು ಬರೆದಿದ್ದರೆ ನಾವು ನಂಬದೆ ಬಿಡುತ್ತಿದ್ದ ಸಂಗತಿ.

ಜೂನ್ 19, ಗೆರಿಗ್‌ನ 36ನೆಯ ಹುಟ್ಟುಹಬ್ಬ. ಅಂದೇ ಮೇಯೊ ಆಸ್ಪತ್ರೆಯ ವೈದ್ಯರು ರೋಗದ ಹೆಸರನ್ನು ತಿಳಿಸಿದರು: ಸ್ನಾಯುಗಳನ್ನು ಆಳುವ ನರಗಳು ಒಂದೊಂದಾಗಿ ಸಾಯುವ, ಮದ್ದಿಲ್ಲದ ರೋಗ. ಅದನ್ನು ಅಮೆರಿಕದ ಜನ ಇಂದಿಗೂ ಗೆರಿಗ್‌ನ ಹೆಸರಿನಿಂದಲೇ ಕರೆಯುತ್ತಾರೆ. ಎರಡು ವಾರಗಳ ಬಳಿಕ, ಜುಲೈ 4ರಂದು, ಯಾಂಕೀ ಮೈದಾನದಲ್ಲಿ ಅರವತ್ತು ಸಾವಿರಕ್ಕೂ ಮೀರಿದ ಜನ ಅವನನ್ನು ಬೀಳ್ಕೊಡಲು ನೆರೆದರು. ಮಾತನಾಡುವುದಕ್ಕೆ ಅವನಿಗೆ ಮನಸ್ಸಿರಲಿಲ್ಲ. ಒತ್ತಾಯಕ್ಕೆ ಮಣಿದು ಧ್ವನಿವರ್ಧಕದ ಮುಂದೆ ಬಂದನು. ತನಗೆ ಬಂದ ಕೇಡನ್ನು ಜನರೆಲ್ಲ ಓದಿದ್ದರೂ ಭೂಮಿಯ ಮೇಲೆ ತನ್ನಷ್ಟು ಅದೃಷ್ಟವಂತನಿಲ್ಲವೆಂದು ಹೇಳಿ, ಜೊತೆಯ ಆಟಗಾರರನ್ನೂ ಅತ್ತೆಯನ್ನೂ ತಂದೆತಾಯಿಗಳನ್ನೂ ಹೆಂಡತಿಯನ್ನೂ ಒಬ್ಬೊಬ್ಬರಾಗಿ ನೆನೆದನು. 1941ರ ಜೂನ್ 2ರಂದು, ಪಿಪ್‌ನ ಜಾಗದಲ್ಲಿ ನಿಂತ ದಿನಕ್ಕೆ ಸರಿಯಾಗಿ ಹದಿನಾರು ವರ್ಷಗಳ ಬಳಿಕ, ತೀರಿಕೊಂಡನು. ಅವನ 2,130ನ್ನು ಯಾರೂ ದಾಟಲಾರರೆಂದು ಜನ ನಂಬಿದ್ದರು. 1995ರ ಸೆಪ್ಟೆಂಬರ್ 6ರಂದು ಬಾಲ್ಟಿಮೋರಿನ ಕ್ಯಾಲ್ ರಿಪ್ಕನ್ ದಾಟಿದನು. ಅದು ಇನ್ನೊಂದು ಮೈಲಿಗಲ್ಲು. ಆದರೆ ಅದನ್ನು ವರ್ಣಿಸುವವರೂ ಗೆರಿಗ್‌ನಿಂದಲೇ ಆರಂಭಿಸುತ್ತಾರೆ.

ಜೂನ್ 2ರ ತಿಥಿಗೆ ಈ ಆಟದಲ್ಲಿ ಏನೋ ಒಂದು ವಿಶೇಷವಿರಬೇಕು. 2010ರ ಅದೇ ದಿನ, ಅದೇ ಡೆಟ್ರಾಯಿಟ್ ನಗರದಲ್ಲಿ, ಅರ್ಮಾಂಡೋ ಗಲರ್ರಾಗ ಎಂಬ ವೆನೆಜುವೆಲಾ ದೇಶದ ಪಿಚರ್ ಕ್ಲೀವ್‌ಲ್ಯಾಂಡ್ ತಂಡದ ವಿರುದ್ಧ ಚೆಂಡೆಸೆಯುತ್ತಿದ್ದನು. ಒಂಬತ್ತು ಸರದಿಗಳಲ್ಲಿ ಮೂರರಂತೆ ಇಪ್ಪತ್ತೇಳು ದಾಂಡಿಗರು ಬಂದು, ಒಬ್ಬನಾದರೂ ಮೊದಲ ನೆಲೆಯನ್ನು ಮುಟ್ಟದೆ ಎಲ್ಲರೂ ಹಿಂದಿರುಗಿದರೆ ಅದನ್ನು ‘ಪರಿಪೂರ್ಣ ಪಂದ್ಯ’ವೆನ್ನುತ್ತಾರೆ. ಒಂದೂವರೆ ಶತಮಾನದ ಲೆಕ್ಕಲೇಖದಲ್ಲಿ ಅಂಥವು ಅಂದಿಗೆ ಕೇವಲ 20 ಇದ್ದುವು. 1956ರ ಅಕ್ಟೋಬರ್ 8ರಂದು ಡಾನ್ ಲಾರ್ಸನ್ ವರ್ಲ್ಡ್ ಸೀರೀಸಿನ ಪಂದ್ಯದಲ್ಲೇ ಅದನ್ನು ಸಾಧಿಸಿದಾಗ, ಕ್ಯಾಚರ್ ಯೋಗಿ ಬೆರಾ ಮಗುವಿನಂತೆ ಓಡಿಬಂದು ಅವನ ಮೈಮೇಲೆ ಜಿಗಿದ ಛಾಯಾಚಿತ್ರವನ್ನು ಆ ದೇಶದಲ್ಲಿ ನೋಡದವರು ವಿರಳ.

ಗಲರ್ರಾಗ 26 ಜನರನ್ನು ಔಟು ಮಾಡಿದ್ದನು. ಇಪ್ಪತ್ತೇಳನೆಯವನು ಚೆಂಡನ್ನು ನೆಲಕ್ಕೆ ಉರುಳಿಸಿ ಓಡಿದನು. ಕಾವಲುಗಾರ ಚೆಂಡನ್ನು ಎಸೆದ. ಗಲರ್ರಾಗ ತಾನೇ ಓಡಿಬಂದು ಅದನ್ನು ಹಿಡಿದು, ದಾಂಡಿಗನಿಗಿಂತ ಒಂದು ಹೆಜ್ಜೆ ಮೊದಲೇ ನೆಲೆಯನ್ನು ಮೆಟ್ಟಿದನು. ಅಂಪೈರ್ ಜಿಮ್ ಜಾಯ್ಸ್ ಕೈಗಳನ್ನು ಅಗಲಿಸಿ, ಔಟಲ್ಲ ಎಂದನು. ಮೈದಾನವೆಲ್ಲ ಬೊಬ್ಬೆಯಿಟ್ಟಿತು. ಗಲರ್ರಾಗ ಮಾತ್ರ ಮುಗುಳುನಕ್ಕು ತನ್ನ ಜಾಗಕ್ಕೆ ಮರಳಿ, ಮುಂದಿನವನನ್ನು ಔಟು ಮಾಡಿ ಪಂದ್ಯ ಮುಗಿಸಿದನು.

ಆಟ ಮುಗಿದ ಮೇಲೆ ಜಾಯ್ಸ್ ಚಿತ್ರವನ್ನು ತಿರುಗಿಸಿ ನೋಡಿದನು. ತಾನು ತಪ್ಪಿದ್ದು ಸ್ಪಷ್ಟವಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅನುಭವವಿದ್ದ ಆ ಹಿರಿಯ ಅಂಪೈರನು ಆ ಹುಡುಗನ ಪರಿಪೂರ್ಣ ಪಂದ್ಯವನ್ನು ತಾನು ಕಸಿದುಕೊಂಡೆನೆಂದು ಪತ್ರಕರ್ತರೆದುರು ಒಪ್ಪಿಕೊಂಡು, ಗಲರ್ರಾಗನನ್ನು ಕಂಡು ಅತ್ತು ಕ್ಷಮೆ ಬೇಡಿದನು. ಪರಿಪೂರ್ಣರು ಯಾರೂ ಇಲ್ಲವಷ್ಟೆ ಎಂದು ಗಲರ್ರಾಗ ಅವನನ್ನು ಅಪ್ಪಿಕೊಂಡನು. ಮರುದಿನ ಅದೇ ಮೈದಾನದಲ್ಲಿ ಪಂದ್ಯ, ಅದೇ ಅಂಪೈರ್. ಜನ ಏನು ಮಾಡುವರೋ ಎಂಬ ಅಂಜಿಕೆಯಿತ್ತು. ಆಟಗಾರರ ಪಟ್ಟಿಯನ್ನು ಅಂಪೈರನಿಗೆ ಒಪ್ಪಿಸಲು ಡೆಟ್ರಾಯಿಟ್ ತಂಡ ಅಂದು ಗಲರ್ರಾಗನನ್ನೇ ಕಳುಹಿಸಿತು. ಕಾಗದವನ್ನು ತೆಗೆದುಕೊಂಡ ಜಾಯ್ಸ್ ಕಣ್ಣೊರಸಿಕೊಳ್ಳುತ್ತಿದ್ದನು. ಜನ ಚಪ್ಪಾಳೆ ತಟ್ಟಿದರು.

ತಪ್ಪನ್ನು ತಿದ್ದಿ ಆ ಪಂದ್ಯವನ್ನು ಪರಿಪೂರ್ಣವೆಂದು ಬರೆಯಬೇಕೆಂದು ಅನೇಕರು ಕೇಳಿದರು. ಆಟದ ಆಯುಕ್ತನು ಒಪ್ಪಲಿಲ್ಲ. ಪಂದ್ಯ ಮುಗಿದ ಮೇಲೆ ತೀರ್ಪನ್ನು ಬದಲಿಸಿದರೆ ಅದಕ್ಕೆ ಕೊನೆಯೆಲ್ಲಿ ಎಂಬುದು ಅಂಥವರ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಪುಸ್ತಕದಲ್ಲಿ ಇಂದಿಗೂ ಆ ದಾಂಡಿಗನ ಹೆಸರಿನ ಮುಂದೆ ‘ಹಿಟ್: 1’ ಎಂದೇ ಇದೆ.

ಹೀಗೆ ಒಂದು ಗಳಿಗೆಯ ಕಣ್ತಪ್ಪನ್ನೂ ತಿದ್ದಲು ಒಲ್ಲದ ಈ ಪುಸ್ತಕ, ಅರುವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಇನ್ನೂ ದೊಡ್ಡದೊಂದು ಸುಳ್ಳನ್ನು ತನ್ನೊಳಗೆ ಇಟ್ಟುಕೊಂಡಿತ್ತು. ಬರೆದ ಸುಳ್ಳಲ್ಲ, ಬರೆಯದೆ ಬಿಟ್ಟ ಸುಳ್ಳು. 1884ರಲ್ಲಿ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಜನಾಂಗದ ಕ್ಯಾಚರ್ ಟೊಲೀಡೊ ನಗರದ ಪರವಾಗಿ ಮೇಲ್ದರ್ಜೆಯ ಆಟದಲ್ಲಿ ಆಡಿದ್ದನು. ಕೆಲವೇ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಕಪ್ಪು ಆಟಗಾರರನ್ನು ಸೇರಿಸಬಾರದೆಂದು ದೊಡ್ಡ ಲೀಗುಗಳ ನಿಯಮಾವಳಿಯಲ್ಲಿ ಬರೆದಿರಲಿಲ್ಲ. ತಂಡಗಳ ಒಡೆಯರು ಒಳಗೊಳಗೇ ಒಪ್ಪಿಕೊಂಡಿದ್ದರು. ಕಾಗದದ ಮೇಲೆ ಇಲ್ಲದ ಕಟ್ಟಳೆ ಎಷ್ಟು ಗಟ್ಟಿಯೆಂಬುದನ್ನು ನಮ್ಮ ದೇಶದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಹೊರಗೆ ನಿಂತವರು ತಮ್ಮದೇ ಆಟ ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್ ಎಂಬ ಧೀಮಂತನು ಕನ್ಸಾಸ್ ಸಿಟಿಯಲ್ಲಿ ತಂಡಗಳ ಒಡೆಯರನ್ನು ಕೂಡಿಸಿ ನೀಗ್ರೋ ನ್ಯಾಷನಲ್ ಲೀಗನ್ನು ಸ್ಥಾಪಿಸಿದನು. ಇನ್ನೂ ಕೆಲವು ಲೀಗುಗಳು ಹುಟ್ಟಿದುವು, ಅಳಿದುವು. ಹೋಟೆಲುಗಳಲ್ಲಿ ಇಳಿಯಲು ಅವಕಾಶವಿಲ್ಲದೆ ಆಟಗಾರರು ಬಸ್ಸಿನಲ್ಲೇ ಮಲಗುತ್ತಿದ್ದರು. ಹಗಲು ಒಂದೂರಿನಲ್ಲಿ ಆಡಿ ರಾತ್ರಿ ಇನ್ನೊಂದೂರಿಗೆ ಹೋಗುತ್ತಿದ್ದರು. ಸ್ಯಾಚೆಲ್ ಪೇಜ್ ಎಂಬ ಅದ್ಭುತ ಪಿಚರ್ ತನ್ನ ಯೌವನವನ್ನೆಲ್ಲ ಅಲ್ಲಿ ಕಳೆದು, 42ನೆಯ ವಯಸ್ಸಿನಲ್ಲಿ, 1948ರಲ್ಲಿ, ದೊಡ್ಡ ಲೀಗಿನ ಹೊಸಬನೆನಿಸಿಕೊಂಡನು. 1965ರಲ್ಲಿ 59ರ ಮುದುಕನಾಗಿ ಮತ್ತೊಮ್ಮೆ ಮೂರು ಸರದಿ ಚೆಂಡೆಸೆದು ಒಂದೇ ಒಂದು ಹಿಟ್ ಕೊಟ್ಟನು. ಮುದುಕನ ಕೈ ಹೀಗಿದ್ದರೆ ಇಪ್ಪತ್ತೈದರ ಕೈ ಹೇಗಿದ್ದೀತು?

ಗಿಬ್ಸನ್ನನಿಗೆ ಅಷ್ಟು ಆಯುಷ್ಯವೂ ಇರಲಿಲ್ಲ. 1911ರಲ್ಲಿ ಜಾರ್ಜಿಯಾ ಪ್ರಾಂತದಲ್ಲಿ ಹುಟ್ಟಿ, ಉಕ್ಕಿನ ಕಾರ್ಖಾನೆಗಳ ಊರಾದ ಪಿಟ್ಸ್‌ಬರ್ಗಿನಲ್ಲಿ ಬೆಳೆದ ಆಜಾನುಬಾಹು. 1930ರಲ್ಲಿ, ಅವನಿಗೆ ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅವಳಿ ಮಕ್ಕಳನ್ನು ಹೆತ್ತು ಹೆಂಡತಿ ತೀರಿಕೊಂಡಳು. ಹೋಮ್‌ಸ್ಟೆಡ್ ಗ್ರೇಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಎಂಬ ತಂಡಗಳಿಗೆ ಅವನು ಕ್ಯಾಚರ್ ಆಗಿದ್ದನು. ಅವನನ್ನು ಕಪ್ಪು ಜನರ ಬೇಬ್ ರೂತ್ ಎಂದು ಕರೆಯುತ್ತಿದ್ದರು. ರೂತನನ್ನೇ ಬಿಳಿಯರ ಗಿಬ್ಸನ್ ಎನ್ನಬೇಕೆಂದು ಅವನ ಕಡೆಯವರ ಮಾತು. 1943ರ ಆರಂಭದಲ್ಲಿ ಪ್ರಜ್ಞೆತಪ್ಪಿ ಆಸ್ಪತ್ರೆ ಸೇರಿದನು. ಮೆದುಳಿನ ಕಾಯಿಲೆ ಅವನನ್ನು ಹಿಡಿದಿತ್ತು. ಅದೇ ವರ್ಷ ಅವನ ಸರಾಸರಿ 0.466. ದೊಡ್ಡ ಲೀಗಿನ ಬಾಗಿಲಿನಿಂದ ಕರೆ ಬರುವುದೆಂಬ ಆಸೆ ಅವನಿಗೆ ಕೊನೆಯವರೆಗೂ ಇದ್ದಿರಬೇಕು. 1947ರ ಜನವರಿ 20ರಂದು, 35ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಬಾಗಿಲು ತೆರೆಯುವುದಕ್ಕೆ ಇನ್ನು ಮೂರು ತಿಂಗಳೂ ಇರಲಿಲ್ಲ. ಅವನ ಗೋರಿಯ ಮೇಲೆ ಹೆಸರಿನ ಕಲ್ಲು ನಿಂತದ್ದು 1975ರಲ್ಲಿ.

ಬಾಗಿಲು ತೆರೆದ ದಿನ 1947ರ ಏಪ್ರಿಲ್ 15. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಆರಿಸಿಕೊಂಡದ್ದು ಜಾಕಿ ರಾಬಿನ್ಸನ್ ಎಂಬ 28 ವರ್ಷದ ವಿದ್ಯಾವಂತನನ್ನು. ಅವನು ಸಾಧುಸ್ವಭಾವದವನೇನಲ್ಲ. ಸೈನ್ಯದಲ್ಲಿದ್ದಾಗ, 1944ರಲ್ಲಿ, ಬಸ್ಸಿನ ಹಿಂಭಾಗಕ್ಕೆ ಹೋಗಲು ನಿರಾಕರಿಸಿ ಸೈನಿಕ ನ್ಯಾಯಾಲಯದೆದುರು ನಿಂತು, ನಿರ್ದೋಷಿಯೆಂದು ಹೊರಬಂದವನು. ಅಂಥವನಿಂದ ರಿಕಿ ಕೇಳಿದುದು ಒಂದೇ ವಚನ: ಯಾರು ಏನೆಂದರೂ ತಿರುಗಿ ಹೊಡೆಯಬಾರದು. ಕೋಪಿಷ್ಠನೊಬ್ಬನು ಮೌನವ್ರತವನ್ನು ಕೈಗೊಂಡು ಬೈಗುಳದ ಮಳೆಯಲ್ಲಿ ನಿಂತದ್ದು ಹೊಡೆತಗಾರಿಕೆಗಿಂತ ಕಷ್ಟದ ಆಟ. ಫಿಲಡೆಲ್ಫಿಯಾ ತಂಡದ ವ್ಯವಸ್ಥಾಪಕ ಬೆನ್ ಚಾಪ್ಮನ್ ಮತ್ತು ಅವನ ಆಟಗಾರರು ಆಡಿದ ಮಾತುಗಳನ್ನು ಈ ಪುಟದಲ್ಲಿ ಬರೆಯುವುದು ಸಲ್ಲದು.

ಆ ಮೊದಲ ದಿನದ ಕೋಷ್ಟಕವನ್ನು ತೆಗೆದು ನೋಡಿದರೆ ರಾಬಿನ್ಸನ್ನನ ಹೆಸರಿನ ಮುಂದೆ ‘ಹಿಟ್: 0’ ಎಂದಿದೆ. ಎದುರಾಳಿಯ ತಪ್ಪಿನಿಂದ ನೆಲೆ ಮುಟ್ಟಿ, ಒಂದು ರನ್ ತಂದನು; ಅಷ್ಟೆ. ಅಮೆರಿಕದ ಕ್ರೀಡಾಚರಿತ್ರೆಯ ಅತಿ ದೊಡ್ಡ ದಿನ, ಲೆಕ್ಕದ ಪುಸ್ತಕಕ್ಕೆ ಒಂದು ಸೊನ್ನೆ. ಆ ವರ್ಷವೇ ಹೊಸ ಆಟಗಾರರಲ್ಲಿ ಶ್ರೇಷ್ಠನೆಂದೂ, 1949ರಲ್ಲಿ ಲೀಗಿನ ಆಟಗಾರರಲ್ಲೇ ಶ್ರೇಷ್ಠನೆಂದೂ ಅವನು ಪ್ರಶಸ್ತಿ ಪಡೆದನು. 1997ರಲ್ಲಿ ಅವನ ಅಂಗಿಯ 42ನೆಯ ಸಂಖ್ಯೆಯನ್ನು ಎಲ್ಲ ತಂಡಗಳೂ ಅವನಿಗಾಗಿ ಮುಡಿಪಿಟ್ಟುವು. ಈಗ ಪ್ರತಿ ಏಪ್ರಿಲ್ 15ರಂದು ಎಲ್ಲ ಆಟಗಾರರೂ ಅದೇ ಸಂಖ್ಯೆಯ ಅಂಗಿ ತೊಡುತ್ತಾರೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ರಾಬಿನ್ಸನ್ನನನ್ನು ತೆಗೆದುಕೊಂಡುದಕ್ಕೆ ಅವನ ಹಳೆಯ ತಂಡವಾದ ಕನ್ಸಾಸ್ ಸಿಟಿ ಮಾನಾರ್ಕ್ಸ್‌ಗೆ ರಿಕಿ ಒಂದು ಕಾಸೂ ಕೊಡಲಿಲ್ಲ. ಒಳ್ಳೆಯ ಆಟಗಾರರೆಲ್ಲ ಹೊರಟುಹೋದ ಮೇಲೆ ಕಪ್ಪು ಜನರು ಬೆವರು ಸುರಿಸಿ ಕಟ್ಟಿದ ಲೀಗುಗಳು ಬಡವಾಗಿ ಮುಚ್ಚಿದುವು. ದೊಡ್ಡ ಲೀಗಿನಲ್ಲಿಯಾದರೂ ಎಲ್ಲರೂ ತ್ವರೆಪಡಲಿಲ್ಲ; ಬಾಸ್ಟನ್ ರೆಡ್ ಸಾಕ್ಸ್ ತಂಡ ಮೊದಲ ಕಪ್ಪು ಆಟಗಾರನನ್ನು ಇಳಿಸಿದ್ದು 1959ರಲ್ಲಿ.

ಆ ಬಾಗಿಲಿನಿಂದ ಒಳಬಂದವರಲ್ಲಿ ಅಲಬಾಮಾ ಪ್ರಾಂತದ ಹ್ಯಾಂಕ್ ಆರನ್ ಒಬ್ಬನು. ಮಾತು ಕಡಮೆ, ಮಣಿಕಟ್ಟಿನ ಬಲ ಹೆಚ್ಚು. 1973ರ ಋತು ಮುಗಿದಾಗ ಅವನ ಹೋಮ್ ರನ್ನುಗಳು 713; ರೂತನ 714ಕ್ಕೆ ಒಂದೇ ಕಡಮೆ. ಆ ಚಳಿಗಾಲ ಅವನಿಗೆ ನರಕವಾಯಿತು. ಆ ಒಂದು ವರ್ಷದಲ್ಲಿ ಅವನಿಗೆ ಬಂದ ಕಾಗದಗಳು ಒಂಬತ್ತು ಲಕ್ಷಕ್ಕೂ ಹೆಚ್ಚು. ಹರಸಿದವರು ಬಹಳ, ಆದರೆ ಬಿಳಿಯನ ದಾಖಲೆಯನ್ನು ಮುಟ್ಟಿದರೆ ಕೊಲ್ಲುವುದಾಗಿ ಬರೆದವರೂ ಇದ್ದರು. ಕಾಲೇಜಿನಲ್ಲಿ ಓದುತ್ತಿದ್ದ ಮಗಳಿಗೆ ಕಾವಲು ಹಾಕಬೇಕಾಯಿತು. ಅವನು ಆ ಕೆಟ್ಟ ಕಾಗದಗಳನ್ನು ಎಸೆಯದೆ ಇಟ್ಟುಕೊಂಡನು. 1974ರ ಏಪ್ರಿಲ್ 8ರಂದು, ಅಟ್ಲಾಂಟಾದಲ್ಲಿ, ನಾಲ್ಕನೆಯ ಸರದಿಯಲ್ಲಿ, ಆಲ್ ಡೌನಿಂಗ್ ಎಸೆದ ಚೆಂಡು ಎಡಬದಿಯ ಬೇಲಿಯನ್ನು ದಾಟಿತು. ಅದು 715. ನೆಲೆಗಳನ್ನು ಸುತ್ತುತ್ತಿದ್ದಾಗ ಇಬ್ಬರು ತರುಣರು ಜನಸಂದಣಿಯಿಂದ ಹಾರಿ ಅವನ ಬಳಿಗೆ ಓಡಿಬಂದರು. ಬೆದರಿಕೆಯ ಆ ದಿನಗಳಲ್ಲಿ ನೋಡಿದವರ ಎದೆ ಧಸಕ್ಕೆಂದಿರಬೇಕು. ಅವರು ಬೆನ್ನು ತಟ್ಟಿ ಹೋದರು. ಹೊರಟ ನೆಲೆಗೆ ಮರಳಿದಾಗ ತಾಯಿ ಅವನನ್ನು ಬಿಗಿಯಾಗಿ ಅಪ್ಪಿಕೊಂಡಳು. ಆಟದ ಆಯುಕ್ತನು ಅಂದು ಅಲ್ಲಿರಲಿಲ್ಲ. ಅವನಿಗೆ ಬೇರೆಯೂರಿನಲ್ಲಿ ಕೆಲಸವಿತ್ತಂತೆ.

ಆರನ್ 755ಕ್ಕೆ ನಿಲ್ಲಿಸಿದನು. 2007ರಲ್ಲಿ ಬ್ಯಾರಿ ಬಾಂಡ್ಸ್ ಅದನ್ನು ದಾಟಿ ಕೊನೆಗೆ 762 ಮಾಡಿದನು. ಆದರೆ ಶಕ್ತಿವರ್ಧಕ ಮದ್ದುಗಳ ಅನುಮಾನ ಆ ಕಾಲದ ಆಟದ ಮೇಲೆಲ್ಲ ಕವಿದಿತ್ತು. ಆರನ್ನನೇ ದೊಡ್ಡವನೆಂದು ಎಣಿಸುವವರು ಇಂದಿಗೂ ಅನೇಕರಿದ್ದಾರೆ. ನನ್ನ ಒಲವೂ ಆ ಕಡೆಗೇ.

ಈಗ ಮೊದಲಿನ ಮಾತಿಗೆ ಬರೋಣ. 2020ರ ಡಿಸೆಂಬರಿನಲ್ಲಿ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳೂ ಮೇಲ್ದರ್ಜೆಯವೇ ಎಂದು ಬೇಸ್‌ಬಾಲಿನ ಆಡಳಿತ ಒಪ್ಪಿತು. ಒಪ್ಪಿದರೆ ಸಾಲದು, ಲೆಕ್ಕ ಎಲ್ಲಿದೆ? ಅದಕ್ಕಿಂತ ಎಷ್ಟೋ ಮೊದಲೇ ಕೆಲವು ಆಸಕ್ತರು, ಸಂಬಳವಿಲ್ಲದೆ, ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್ ಮುಂತಾದ ಕಪ್ಪು ಜನರ ಹಳೆಯ ಪತ್ರಿಕೆಗಳ ಸಂಚಿಕೆಗಳನ್ನು ಹುಡುಕಿ, ಮೂಲೆಯಲ್ಲಿದ್ದ ಕೋಷ್ಟಕಗಳನ್ನು ಒಂದೊಂದಾಗಿ ಪ್ರತಿಮಾಡುತ್ತಿದ್ದರು. ಚಾಡ್ವಿಕ್ ರೂಢಿಸಿದ ಅಂಗೈಯಗಲದ ಕೋಷ್ಟಕವೇ ಕೊನೆಗೆ ಸಾಕ್ಷಿ ನುಡಿಯಿತು. ಹುಳು ತಿಂದ ಓಲೆಗರಿಗಳನ್ನು ಊರೂರು ಅಲೆದು ಕೂಡಿಸಿ, ಪಾಠಾಂತರಗಳನ್ನು ಹೋಲಿಸಿ, ಮರೆತ ಕವಿಯೊಬ್ಬನನ್ನು ಮತ್ತೆ ಎತ್ತಿ ನಿಲ್ಲಿಸಿದ ನಮ್ಮ ಗ್ರಂಥಸಂಪಾದಕರ ನೆನಪು ನನಗೆ ಇಲ್ಲಿ ಬಾರದಿರಲಿಲ್ಲ. ಸುಮಾರು ಮುಕ್ಕಾಲು ಪಾಲು ಲೆಕ್ಕ ಸಿಕ್ಕಿತು. ಇತಿಹಾಸಕಾರ ಜಾನ್ ಥಾರ್ನ್ ಅವರ ಅಧ್ಯಕ್ಷತೆಯ ಸಮಿತಿ ಅದನ್ನು ಪರಿಶೀಲಿಸಿತು. 2024ರಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಗಳು ಪುಸ್ತಕದೊಳಗೆ ಬಂದುವು. ರಾಬಿನ್ಸನ್ನನು 1945ರಲ್ಲಿ ಮಾನಾರ್ಕ್ಸ್ ತಂಡಕ್ಕಾಗಿ ಗಳಿಸಿದ 49 ಹಿಟ್ಟುಗಳೂ ಅವನ ಖಾತೆಗೆ ಸೇರಿದುವು.

ಆಕ್ಷೇಪಗಳು ಬಂದುವು. ಗಿಬ್ಸನ್ ಆಡಿದ ಲೀಗ್ ಪಂದ್ಯಗಳು ವರ್ಷಕ್ಕೆ ಬಹಳ ಕಡಮೆ. ದೊಡ್ಡ ಲೀಗಿನ ಪಿಚರುಗಳನ್ನು ಅವನು ಆ ಲೆಕ್ಕದಲ್ಲಿ ಎದುರಿಸಲಿಲ್ಲ. ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಮೊದಲನೆಯದಕ್ಕೆ ಉತ್ತರ ಸುಲಭ: ಮಹಾವ್ಯಾಧಿಯ 2020ರಲ್ಲಿ ದೊಡ್ಡ ಲೀಗಿನ ತಂಡಗಳೂ ಅರವತ್ತೇ ಪಂದ್ಯ ಆಡಿದುವು; ಆ ವರ್ಷವನ್ನು ಯಾರೂ ಪುಸ್ತಕದಿಂದ ತೆಗೆದುಹಾಕಿಲ್ಲ. ಎರಡನೆಯದಕ್ಕೆ ಮರುಪ್ರಶ್ನೆಯೇ ಉತ್ತರ: ಕಾಬ್ ಮತ್ತು ರೂತ್ ಆ ಲೆಕ್ಕದಲ್ಲಿ ಸ್ಯಾಚೆಲ್ ಪೇಜನನ್ನು ಎದುರಿಸಿದ್ದರೆ?

ಇನ್ನೊಂದು ವಿಷಯ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಗಿಬ್ಸನ್ ಸುಮಾರು ಎಂಟು ನೂರು ಹೋಮ್ ರನ್ ಹೊಡೆದನೆಂದು ಕೂಪರ್ಸ್‌ಟೌನಿನ ಗೌರವಭವನದ ಫಲಕದ ಮೇಲೆ ಕೆತ್ತಿದ್ದಾರೆ. ಊರೂರು ತಿರುಗಿ ಆಡಿದ ಪಂದ್ಯಗಳನ್ನೆಲ್ಲ ಸೇರಿಸಿ ಹೇಳಿದ ಮಾತದು. ಹೊಸ ಲೆಕ್ಕದಲ್ಲಿ ಅವನ ಹೋಮ್ ರನ್ನುಗಳು ಇನ್ನೂರನ್ನೂ ಮುಟ್ಟುವುದಿಲ್ಲ. ಏಕೆಂದರೆ ಲೀಗಿನ ಪಂದ್ಯವಾಗಿರಬೇಕು, ಕೋಷ್ಟಕ ಕೈಗೆ ಸಿಕ್ಕಿರಬೇಕು. ಕವಿಯ ಬಗ್ಗೆ ಐತಿಹ್ಯ ಬೇರೆ, ಸಿಕ್ಕಿದ ಗರಿ ಬೇರೆ. ಅವನನ್ನು ಸರಾಸರಿಯಲ್ಲಿ ಮೊದಲಿಗನನ್ನಾಗಿ ಮಾಡಿದ ಅದೇ ಪುಸ್ತಕ ಹೋಮ್ ರನ್ನುಗಳಲ್ಲಿ ಅವನನ್ನು ಕಿರಿದು ಮಾಡಿತು. ಕೃಪೆಗಾಗಿ ಕೊಟ್ಟ ಸ್ಥಾನವಲ್ಲ ಅದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಕಾಣದು.

ಆ ಘೋಷಣೆಯಾದ ಮೂರೇ ವಾರಗಳಲ್ಲಿ, ಜೂನ್ 20ರಂದು, ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ರಿಕ್‌ವುಡ್ ಮೈದಾನದಲ್ಲಿ ನೀಗ್ರೋ ಲೀಗುಗಳ ಗೌರವಾರ್ಥ ದೊಡ್ಡ ಲೀಗಿನ ಒಂದು ಪಂದ್ಯ ಏರ್ಪಾಡಾಗಿತ್ತು. 1910ರಲ್ಲಿ ಕಟ್ಟಿದ, ಆ ದೇಶದಲ್ಲಿ ಉಳಿದಿರುವ ಅತಿ ಹಳೆಯ ವೃತ್ತಿ ಮೈದಾನ ಅದು. 1948ರಲ್ಲಿ ಹದಿನೇಳು ವರ್ಷದ ವಿಲ್ಲಿ ಮೇಸ್ ಅಲ್ಲಿಯ ಬ್ಲ್ಯಾಕ್ ಬ್ಯಾರನ್ಸ್ ತಂಡದ ಪರವಾಗಿ ಆಡಿದ್ದನು; ಆಗಿನ 10 ಹಿಟ್ಟುಗಳು ಈಗ ಅವನ ಲೆಕ್ಕಕ್ಕೆ ಸೇರಿ 3,283 ಇದ್ದುದು 3,293 ಆಯಿತು. 93 ವರ್ಷದ ಮೇಸ್ ಪಂದ್ಯಕ್ಕೆ ಎರಡು ದಿನ ಮೊದಲು, ಜೂನ್ 18ರಂದು, ತೀರಿಕೊಂಡನು.

ಪಂದ್ಯಕ್ಕೆ ಮುನ್ನ ದೂರದರ್ಶನದವರು ಹಿಂದಿನ ಹೆಸರಾಂತ ಆಟಗಾರ ರೆಜಿ ಜಾಕ್ಸನ್ನನನ್ನು, ಈ ಊರಿಗೆ ಮರಳಿ ಬಂದುದು ಹೇಗೆನ್ನಿಸುತ್ತದೆಂದು ಕೇಳಿದರು. ಹಿತವಾದ ಮಾತೊಂದನ್ನು ಅವರು ನಿರೀಕ್ಷಿಸಿದ್ದಿರಬೇಕು. 1967ರಲ್ಲಿ ಇದೇ ಊರಿನಲ್ಲಿ ಆಡುತ್ತಿದ್ದಾಗ ಊಟದ ಮನೆಗಳಿಂದಲೂ ಹೋಟೆಲುಗಳಿಂದಲೂ ತನ್ನನ್ನು ಅಟ್ಟಿದುದನ್ನು, ಕರೆದ ಹೆಸರುಗಳನ್ನು, ಒಂದನ್ನೂ ಮೃದುಮಾಡದೆ ಅವನು ಹೇಳಿದನು. ಅಂಥದು ಯಾರಿಗೂ ಬರಬಾರದೆಂದನು. ಬಳಿಕ ಆಟ ಆರಂಭವಾಯಿತು. ದೊಡ್ಡ ಲೀಗಿನ ಚರಿತ್ರೆಯಲ್ಲಿ ಮೊದಲ ಬಾರಿಗೆ ಅಂದಿನ ಅಂಪೈರುಗಳೆಲ್ಲರೂ ಕಪ್ಪು ಜನಾಂಗದವರು. ಸೇಂಟ್ ಲೂಯಿಸ್ ತಂಡ ಮೇಸನ ಹಳೆಯ ತಂಡವಾದ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಅನ್ನು 6-5ರಿಂದ ಸೋಲಿಸಿತು. ಪುಸ್ತಕದಲ್ಲಿ ಹಾಗೆಂದು ಬರೆದಿದೆ.